ಅಮಾವಾಸ್ಯೆಯ ಎರಡು ಎಲೆ

ಬೆಹಾಲಾ, ಕಲ್ಕತ್ತ
೧೫ ಜುಲೈ ೧೯೮೪

ಅಮ್ಮನಿಗೆ ಹಿರಿಮಗಳು ಜಲಜಾಕ್ಷಿ ಮಾಡುವ ನಮಸ್ಕಾರ. ನಾವೆಲ್ಲ ಕ್ಷೇಮ. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ಬಸ್ರೂರು ಮನೆಯ ಸುಭದ್ರೆ ಸತ್ತ ವರ್ಷ ಹುಡುಕಿ ತಿಳಿಸು ಎಂದಿದ್ದೆಯಲ್ಲ. ಇನ್ನೂರೈವತ್ತು ವರ್ಷದ ಹಿಂದೆ ಡಚ್ಚರ ಗೋದಾಮಿನ ಕಟ್ಟೆಯಿಂದ ಹೊಳೆಗೆ ಬಿದ್ದ ಹುಡುಗಿ. ಅವಳ ಪ್ರೇತಕ್ಕೆ ಮದುವೆ ಮಾಡಿಸದೆ ನನ್ನ ಮಗಳು ಕೋಕಿಲಾಳಿಗೆ ಕಂಕಣಬಲ ಕೂಡಿಬರುವುದಿಲ್ಲ ಎಂದು ಜೋಯಿಸರು ಹೇಳಿದರಂತೆ. ಓದಿ ನಕ್ಕಿದ್ದೆ. ಮೂರನೆಯ ಸಂಬಂಧವೂ ತಪ್ಪಿದ ಮೇಲೆ ನಗು ನಿಂತಿತು.

ಇಲ್ಲಿಂದ ರೈಲಿನಲ್ಲಿ ಹೋದರೆ ಚಿನ್ಸುರಾ, ಹಿಂದೆ ಡಚ್ಚರ ಊರು. ಬಸ್ರೂರಿನದೂ ಸೇರಿ ಅವರ ಹಳೆಯ ದಾಖಲೆಗಳ ನಕಲು ಇರುವ ಸಣ್ಣ ಗ್ರಂಥಾಲಯ ಅಲ್ಲಿದೆ. ಮನೆತನದ ಮೂಲ ಹುಡುಕಿ ಬಂದವರಿಗೆ ಅಲ್ಲಿನ ಗ್ರಂಥಪಾಲಕಿ ಬೇಕಾದಷ್ಟು ಡಚ್ ಕಲಿಸುತ್ತಾರೆ. ಆರು ತಿಂಗಳಿಂದ ಭಾನುವಾರ ತಪ್ಪಿಸಿಲ್ಲ. ನಿನ್ನ ಅಳಿಯ ಬ್ಯಾಂಕಿನವರ ಎದುರು ನನ್ನನ್ನು ಡಚ್ ಮೇಮ್‌ಸಾಹೇಬ್ ಎಂದು ಗೇಲಿ ಮಾಡುತ್ತಾರೆ.

ನಾನು ಕಲಿತದ್ದು ಬರೀ ಸಾವಿನ ಶಬ್ದಗಳು. ಓವರ್‌ಲೇಡನ್ ಎಂದರೆ ತೀರಿಕೊಂಡರು, ಬೆಗ್ರಾವನ್ ಎಂದರೆ ಹೂಳಿದರು. ನಮ್ಮವಳು ಸತ್ತವಳು, ಬೇರೆ ಶಬ್ದ ಯಾಕೆ ಎಂದುಕೊಂಡೆ. ಸತ್ತವರ ಪುಟಗಳನ್ನೆಲ್ಲ ಬೆರಳಿಟ್ಟು ಓದಿದೆ. ಅವಳು ಅಲ್ಲಿರಲಿಲ್ಲ, ನನ್ನ ಬೆನ್ನಿಗಿದ್ದಳು. ಟ್ರಾಮಿನಲ್ಲಿ ಪಕ್ಕದ ಸೀಟು ಒದ್ದೆಯಾದಂತೆನಿಸಿ ಎದ್ದು ನಿಲ್ಲುತ್ತಿದ್ದೆ. ಹೆದರಿಕೆಯಾಗುತ್ತಿತ್ತು ಅಮ್ಮ.

ಹೋದ ವಾರ ಗ್ರಂಥಪಾಲಕಿ ಬೈದರು, ಬದುಕಿದವರ ಪುಟ ಒಮ್ಮೆಯಾದರೂ ನೋಡಬಾರದೇ ಎಂದರು. ಚಿನ್ಸುರಾದಲ್ಲೇ ಕ್ರೈಸ್ತ ದೀಕ್ಷೆ ಪಡೆದವರ ಪಟ್ಟಿಯಲ್ಲಿ ಅವಳಿದ್ದಳು. ಬಸ್ರೂರಿನ ಮರಿಯಾ, ಹಿಂದೆ ಸುಭದ್ರಾ, ದಾಸಿ, ಒಂಬತ್ತು ವರ್ಷ. ಕಟ್ಟೆಯಲ್ಲಿ ಒಪ್ಪಿಸಿದವನು ತಾಯಿಯ ಅಣ್ಣ ಮಂಜಯ್ಯ. ಮುಂದೆ ನಾಲ್ಕು ಸಲ ಅವಳ ಹೆಸರು ಮೂಡರ್ ಎಂಬ ಶಬ್ದದ ಎದುರು ಬರುತ್ತದೆ. ಮೂಡರ್ ಎಂದರೆ ತಾಯಿ.

ಅವಳು ಬಿದ್ದದ್ದಲ್ಲ. ಮನೆಯ ಯಜಮಾನನೇ ಅವಳನ್ನು ಹಡಗಿನವರಿಗೆ ಮಾರಿ, ಮನೆಗೆ ಬಂದು ಹೊಳೆಗೆ ಬಿದ್ದಳು ಎಂದ. ನಾವು ದೈವದ ಮುಂದೆ ಹೆಸರು ಹೇಳಿ ಕೈಮುಗಿಯುವ ಅದೇ ದೊಡ್ಡಮಾವ. ಅವಳು ಇಲ್ಲಿ ನಾಲ್ಕು ಮಕ್ಕಳಿಗೆ ಅನ್ನ ಬಡಿಸುತ್ತಿದ್ದಾಗ ಅಲ್ಲಿ ನಾವು ಅವಳ ಪ್ರೇತಕ್ಕೆ ಎಲೆ ಹಾಕುತ್ತಿದ್ದೆವು. ಈಗ ಟ್ರಾಮಿನಲ್ಲಿ ಅವಳು ಬರುವುದಿಲ್ಲ. ಮಂಜಯ್ಯ ಬಂದು ಕೂರುತ್ತಾನೆ, ಒಣಬಟ್ಟೆಯಲ್ಲಿ.

ಪ್ರೇತದ ಮದುವೆ ಬೇಡ ಅಮ್ಮ. ಬರುವ ಆಷಾಢ ಅಮಾವಾಸ್ಯೆಗೆ ಸುಭದ್ರೆಯ ಎಲೆ ಹಾಕಬೇಡ. ಪಕ್ಕದ ಎಲೆಯದ್ದೂ ಹೇಳಬೇಕು. ತಂಗಿ ತುಳಸಿ ಬಂಗಾಳಿ ಕ್ರೈಸ್ತನನ್ನು ಮದುವೆಯಾದಳೆಂದು ಅಪ್ಪ ಹದಿಮೂರು ವರ್ಷದ ಹಿಂದೆ, "ಅವ್ಳ್ ನಮ್ಮ ಪಾಲಿಗೆ ಸತ್ಲ್" ಎಂದು ಹಾಕಿಸಿದ್ದು. ಅಪ್ಪ ಹೋಗಿ ಐದು ವರ್ಷವಾದರೂ ನೀನು ಹಾಕುತ್ತಲೇ ಇದ್ದೀ. ನಾನೂ ಸುಮ್ಮನೆ ನೋಡುತ್ತಾ ಬಂದೆ, ಆ ತಪ್ಪು ನನ್ನದೂ ಹೌದು.

ಜೋಯಿಸರಿಗೆ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು.

ನಿನ್ನ
ಜಲಜಾಕ್ಷಿ

ಮರೆತಿದ್ದೆ: ಸುಭದ್ರೆಯ ಪುಟದ ಕನ್ನಡ ಪ್ರತಿಯನ್ನು ಇದರೊಳಗೆ ಮಡಚಿಟ್ಟಿದ್ದೇನೆ. ಬರೆದುಕೊಟ್ಟದ್ದು ಗ್ರಂಥಪಾಲಕಿ. ಕನ್ನಡಕ ಹಾಕಿಕೊಂಡು ಅಕ್ಷರ ನೋಡು, ನೀನೇ ಕೈಹಿಡಿದು ತಿದ್ದಿಸಿದ್ದು. ತನ್ನ ಎಲೆಗೆ ನೀನು ಮಿಡಿ ಉಪ್ಪಿನಕಾಯಿ ಬಡಿಸುತ್ತೀಯಾ ಎಂದು ಕೇಳಿದಳು. ಪ್ರತಿ ವರ್ಷ ಎಂದೆ. ಎಲೆಗೆ ಬಡಿಸಿದ್ದು ತಲುಪುವುದಿಲ್ಲವಂತೆ. ಭರಣಿಯಲ್ಲಿ ಹಾಕಿ ಕಳಿಸಬೇಕಂತೆ.