ದೀಪದ ನೊರಜು, ಟ್ಯಾಂಕಿನ ಹುಳು

ಅಣ್ಣಾ,

ಮೇಜಿನ ಮೇಲಿರುವ ಬಾಟಲಿಯ ನೀರು ಕುಡಿಯಬೇಡ. ಅದರಲ್ಲಿ ಹುಳುಗಳಿವೆ. ನೀನು ನೋಡಲಿ ಅಂತ ಬೇಕೆಂದೇ ಇಟ್ಟಿದ್ದೇನೆ.

“ನಿನ್ನ ದೀಪಕ್ಕೆ ಸೊಳ್ಳೆ ಮುತ್ತುತ್ತೆ, ಪಾಪುಗೆ ಕಚ್ಚುತ್ತೆ, ಇವತ್ತಿಂದ ಸಂಜೆ ಹೊಲಿಗೆ ಬಂದ್” ಅಂತ ನಿನ್ನೆ ಬಲ್ಬನ್ನೇ ಕಿತ್ತುಕೊಂಡು ಹೋದೆಯಲ್ಲ, ಅವು ಸೊಳ್ಳೆಗಳೇ ಅಲ್ಲ. ಗೋಡೆಯ ಮೇಲೆ ಕೂತದ್ದನ್ನು ಭೂತಗನ್ನಡಿ ಹಿಡಿದು ನೋಡಿದೆ. ಗರಿಯಂಥ ಮೀಸೆ ಇದೆ, ಮುಂಗಾಲು ಎರಡನ್ನೂ ಮೇಲೆತ್ತಿ ಕೂರುತ್ತದೆ, ಕಚ್ಚುವ ಸೂಜಿ ಮಾತ್ರ ಇಲ್ಲ. ಬರೀ ನೊರಜು! ಕಾಲು ಗಂಟೆ ತೋಳು ಒಡ್ಡಿ ಕೂತೆ, ಒಂದೂ ಕಚ್ಚಲಿಲ್ಲ. ಪಾಪುವಿನ ಮೈಮೇಲೂ ಒಂದು ಗುಳ್ಳೆಯಿಲ್ಲ, ಬೇಕಾದರೆ ಅತ್ತಿಗೆಯನ್ನು ಕೇಳು.

ಅವು ಹುಟ್ಟುವುದು ನನ್ನ ದೀಪದಲ್ಲಲ್ಲ, ನೀನು ಮುಚ್ಚಳ ಹಾಕದೆ ಬಿಟ್ಟಿರುವ ತಾರಸಿಯ ಟ್ಯಾಂಕಿನಲ್ಲಿ. ತಳದ ಕೆಸರಿನಲ್ಲಿ ಮರಿಗಳು ಕೆಂಪು ದಾರದ ತುಂಡುಗಳ ಹಾಗೆ ಹೊರಳಾಡುತ್ತಿವೆ. ಹತ್ತನ್ನು ಹಿಡಿದು ಬಾಟಲಿಗೆ ಹಾಕಿದ್ದೇನೆ. ಪಾಪುವಿಗೆ ನಾವು ಸ್ನಾನ ಮಾಡಿಸುತ್ತಿರುವುದು ಅದೇ ನೀರಿನಲ್ಲಿ.

ಇವತ್ತೇ ನೀರು ಪೂರ್ತಿ ಖಾಲಿ ಮಾಡು. ತಳ ಉಜ್ಜು. ಮುಚ್ಚಳ ಹಾಕಿ ಮೇಲೆ ಕಲ್ಲಿಡು. ಸೊಂಟ ನೋವು ಅನ್ನುತ್ತಿದ್ದೆಯಲ್ಲ, ಬಗ್ಗಬೇಡ, ಉದ್ದ ಹಿಡಿಯ ಬ್ರಷ್ ಮೆಟ್ಟಿಲ ಹತ್ತಿರ ಇಟ್ಟಿದ್ದೇನೆ.

ನಿನ್ನ ಕಪಾಟಿನಿಂದ ಬಲ್ಬು ತೆಗೆದು ಹಾಕಿಕೊಂಡಾಯಿತು. ಇನ್ನೊಮ್ಮೆ ಕಿತ್ತರೆ ಹೊಲಿಗೆ ಮಿಶನ್ನನ್ನು ನಿನ್ನ ಕೋಣೆಗೇ ಎಳೆದು ತಂದು, ನಿನ್ನ ಮಂಚದ ಪಕ್ಕ ಕೂತು ತುಳಿಯುತ್ತೇನೆ, ನೋಡು!

ತಂಗಿ