ದಿಂಬಿನ ಕವರಿನ ಮೇಲೆ ಬರೆದದ್ದು

ಮಗಳೇ,

ಹಾಸ್ಟೆಲ್ ಊಟ ಸೇರುತ್ತಿದೆಯೇ?

ಆಸ್ಪತ್ರೆಗೆ ಹೊರಡುವ ಮುನ್ನ ನಿನ್ನ ತಂಗಿ ಬಟ್ಟೆ ಒಗೆಯುವ ಪುಡಿಯನ್ನು ನೀರಿನಲ್ಲಿ ಕಲಸಿ, ಕೋರಾ ಬಟ್ಟೆಯ ದಿಂಬಿನ ಕವರಿನ ಮೇಲೆ ಏನೋ ಬರೆದಿದ್ದಳು. ಅಂಗಡಿಯವರು ನೋಟು ಪರೀಕ್ಷಿಸುವ ನೇರಳೆ ಟಾರ್ಚಿನ ಬೆಳಕು ಬಿಟ್ಟರೆ ಕತ್ತಲಲ್ಲಿ ಅಕ್ಷರ ಹೊಳೆಯುತ್ತದಂತೆ.

"ವಾಪಸ್ ಬಂದ್ಮೇಲೆ ತೋರಿಸ್ತೀನಿ. ಅಪ್ಪಾ, ಕದ್ದು ನೋಡಿದ್ರೆ ನೋಡು ಮತ್ತೆ!" ಎಂದಿದ್ದಳು.

ಅವಳು ತೀರಿಕೊಂಡ ಮರುವಾರ ಅವಳ ಮಾತು ನೆನಪಾಗದೆ, ಒಣಗಿದ ಪುಡಿಯ ಗುರುತನ್ನು ಕಲೆಯೆಂದುಕೊಂಡು, ಅದೇ ಪುಡಿಯಲ್ಲಿ ಕವರನ್ನು ಒಗೆದುಬಿಟ್ಟೆ. ಈಗ ಟಾರ್ಚ್ ಬಿಟ್ಟರೆ ಇಡೀ ಕವರ್ ಹೊಳೆಯುತ್ತದೆ. ಅಕ್ಷರ ಒಂದೂ ಕಾಣುವುದಿಲ್ಲ.

ಈ ಪ್ರಯೋಗ ಕಲಿಸಿದವಳು ನೀನೇ. ಏನು ಬರೆದಿದ್ದಳೆಂದು ನಿನಗೆ ಗೊತ್ತಿದ್ದರೆ ತಿಳಿಸು. ಗೊತ್ತಿಲ್ಲದಿದ್ದರೆ ಅದನ್ನೂ ತಿಳಿಸು.

ಟಾರ್ಚಿನ ಸೆಲ್ ಮುಗಿದಿದೆ ಎಂದು ನಿನ್ನ ಅಮ್ಮನಿಗೆ ಹೇಳಿದ್ದೇನೆ. "ಸೆಲ್ ತಂದ್ರಾ?" ಎಂದು ದಿನವೂ ಕೇಳುತ್ತಾಳೆ.

ನಿನ್ನ ಉತ್ತರಕ್ಕೆ ಕಾಯುವ,
ಅಪ್ಪ