ಪ್ರೆಬೆನ್ ಮಾಮನ ಕಾರಿನ ಮೇಲಿದ್ದ ಆಕಾಶ

ವೆಸ್ಟರ್‌ಬಿ, ಟೋಂಡರ್ ಹತ್ತಿರ
ಮಾರ್ಚ್ ೧೮, ಬುಧವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಐಸಿನ ಮೇಲೆ ಜಾರಿ ಬಿದ್ದ ಮಂಡಿಯ ಊತ ಇಳಿಯಿತೇ? ನೀನೆಂಬ ನರ್ಸಮ್ಮ ತನ್ನ ಮಂಡಿಗೆ ತಾನೇ ಪಟ್ಟಿ ಸುತ್ತಿಕೊಂಡು ಅದೇ ದಿನ ಡ್ಯೂಟಿಗೆ ಹೋದಳೆಂದು ಕೇಳಿ ಅಜ್ಜ ಮೊದಲು ಬೈದ, ಆಮೇಲೆ ಬೇಕರಿಯವಳ ಮುಂದೆ ಕೊಚ್ಚಿಕೊಂಡ. ನಾನು ಚೆನ್ನಾಗಿದ್ದೇನೆ. ಶಾಲೆಗೆ ಹೋಗುತ್ತೇನೆ, ತರಕಾರಿ ತಿನ್ನುತ್ತೇನೆ, ಅಂದರೆ ಆಲೂಗಡ್ಡೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ಈಗ ಹೇಳಲಿರುವುದನ್ನು ಹೇಳುವಂತಿಲ್ಲ. ಅಜ್ಜನ ಕಿವಿ ನಿನಗೆ ಗೊತ್ತಲ್ಲ, ಗೋಡೆಯಾಚೆ ನಾನು ಬಿಸ್ಕತ್ತು ಮುರಿದರೂ ಯಾವ ಡಬ್ಬಿಯದೆಂದು ಹೇಳುತ್ತಾನೆ. ಅದಕ್ಕೇ ನಿನ್ನ ಮಗಳು ಕಾಗದ, ಪೆನ್ನು ಹಿಡಿದು ಗಂಭೀರಳಾಗಿ ಕೂತಿದ್ದಾಳೆ. ನಗಬೇಡ.

ವಿಷಯ ನಮ್ಮ ಜೌಗುಸೀಮೆ ಛಾಯಾಚಿತ್ರ ಸಂಘದ್ದು. ನೀನು ಅಲ್ಲಿಗೆ ಕೇಕಿಗಷ್ಟೇ ಬಂದು ಹೋದವಳು, ಒಳಗಿನ ಶಾಸ್ತ್ರ ನಿನಗೆ ತಿಳಿಯದು. ಸಂಘದಲ್ಲಿ ಎರಡು ಜಾತಿ: ಹಕ್ಕಿಯವರು ಮತ್ತು ನಕ್ಷತ್ರದವರು. ಹಕ್ಕಿಯವರಿಗೆ ನಕ್ಷತ್ರದವರು ಸೋಮಾರಿಗಳು, ನಕ್ಷತ್ರ ಹಾರಿಹೋಗುವುದಿಲ್ಲವಲ್ಲ ಎಂದು. ನಕ್ಷತ್ರದವರಿಗೆ ಹಕ್ಕಿಯವರು ಬೇಟೆ ಬಿಟ್ಟ ಬೇಟೆಗಾರರು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಪರದೆ ಎಳೆದು ಸಭಾಂಗಣವನ್ನು ಕತ್ತಲು ಮಾಡಿ, ಒಂದೊಂದೇ ಚಿತ್ರವನ್ನು ಗೋಡೆಗೆ ಬಿಡುತ್ತಾರೆ. ತೆಗೆದವರ ಹೆಸರಿಲ್ಲ, ನಂಬರು ಮಾತ್ರ. ಪ್ರತಿಯೊಬ್ಬರೂ ಮೊದಲು ಒಂದು ಒಳ್ಳೆಯ ಮಾತು, ಆಮೇಲೆ ಒಂದು ಕುಂದು ಹೇಳಬೇಕು. ತೆಗೆದವರು ತುಟಿ ಹೊಲಿದುಕೊಂಡು ಕೂತಿರಬೇಕು. ಎಲ್ಲರ ಮಾತು ಮುಗಿದ ಮೇಲೆ ಅಧ್ಯಕ್ಷೆ ಬಿರ್ಥೆ ಟೀಚರು ಹೆಸರು ಓದುತ್ತಾರೆ. ನಮ್ಮ ಅಜ್ಜ ಅಸ್ಮುಸ್ ಹಕ್ಕಿಯವರ ಹಿರಿಯ. ಇಷ್ಟು ವರ್ಷಗಳಲ್ಲಿ ಕುಂದು ಕಾಣದ ಚಿತ್ರವೊಂದು ಅವನಿಗೆ ಸಿಕ್ಕಿಲ್ಲ. ತನ್ನದನ್ನೂ ಬಿಟ್ಟಿಲ್ಲ, ನಂಬರು ಮರೆತು ತನ್ನ ಟಿಟ್ಟಿಭವನ್ನೇ ಒಮ್ಮೆ ‘ಕಣ್ಣಲ್ಲಿ ಹೊಳಪಿಲ್ಲ, ಸತ್ತ ಹಕ್ಕಿಯೇ?’ ಎಂದು ಕೇಳಿದ್ದನಂತೆ.

ಇನ್ನು ನನ್ನ ಕೃತ್ಯ. ಈ ಸಲ ಕಬ್ಬಕ್ಕಿಗಳು ಬೇಗ ಬಂದಿವೆ. ಸಂಜೆಗೆ ಅವು ಹೊಗೆಯ ಹಾಗೆ ಎದ್ದು, ತಿರುಗಿ, ಜೊಂಡಿಗೆ ಇಳಿಯುವ ಮೊದಲು ನಮ್ಮ ಬೀದಿಯ ತಂತಿಯ ಮೇಲೆ ಸಭೆ ಸೇರುತ್ತವೆ. ತಂತಿಯ ಕೆಳಗೆ ನೆರೆಮನೆಯ ಪ್ರೆಬೆನ್ ಮಾಮ, ಅವರು ನಕ್ಷತ್ರದವರು, ತಮ್ಮ ಹೊಸ ಕಪ್ಪು ಕಾರು ನಿಲ್ಲಿಸಿದ್ದರು. ಮರುದಿನ ಶಾಲೆಗೆ ಹೊರಟವಳು ನೋಡುತ್ತೇನೆ, ಬಾನೆಟ್ ತುಂಬ ಆಕಾಶಗಂಗೆ. ಅಡ್ಡಲಾಗಿ ಹರಿದ ಬಿಳಿ ಪಟ್ಟೆ, ಅಂಚಿನಲ್ಲಿ ಚುಕ್ಕಿ ಚುಕ್ಕಿ, ಮೂಲೆಯಲ್ಲಿ ಸಾಕ್ಷಾತ್ ಕೃತ್ತಿಕೆಯ ಗೊಂಚಲು. ಹಕ್ಕಿಯವರೂ ನಕ್ಷತ್ರದವರೂ ಒಂದಾಗಬಹುದಾದ ಇಂಥ ಕೃತಿ ಇನ್ನೊಂದಿಲ್ಲವೆಂದು ನನಗೆ ಹೊಳೆಯಿತು. ತೆಗೆದೆ, ಅಂಚು ಸ್ವಲ್ಪ ಕಪ್ಪು ಮಾಡಿದೆ, ‘ಮಾರ್ಚಿನ ಆಕಾಶ’ ಎಂದು ಹೆಸರಿಟ್ಟು ಕಳಿಸಿದೆ. ನನ್ನ ಯೋಜನೆ ಸರಳವಾಗಿತ್ತು. ನಕ್ಷತ್ರದವರು ಬಲೆಗೆ ಬೀಳಬೇಕು. ಅಜ್ಜ ಎದ್ದು ಒಂದು ಕ್ಷಣ ನೋಡಿ, ‘ಪ್ರೆಬೆನ್, ಮನೆಗೆ ಹೋಗಿ ಕಾರು ತೊಳಿ’ ಅನ್ನಬೇಕು. ಯಾಕೆಂದರೆ ಬಿರ್ಥೆ ಟೀಚರ ಟೋಪಿಯ ಮೇಲೆ ಬಿದ್ದ ಹಿಕ್ಕೆ ನೋಡಿ ಹಕ್ಕಿ ಯಾವುದು, ಅದು ಬೆಳಿಗ್ಗೆ ಏನು ತಿಂದಿತ್ತು ಎಂದು ಹೇಳಿದ ಮಹಾನುಭಾವ ಅವನು. ನಿಜ ಹೇಳಬೇಕೆಂದರೆ ಆ ಚಿತ್ರ ಸಂಘಕ್ಕಲ್ಲ, ಅವನಿಗೇ ತೆಗೆದದ್ದು. ಈ ಚಳಿಗಾಲವಿಡೀ ಅವನು ಜೋರಾಗಿ ನಕ್ಕಿಲ್ಲ.

ಕಳೆದ ಭಾನುವಾರ ಒಂಬತ್ತನೇ ನಂಬರು, ಅಂದರೆ ನನ್ನದು, ಗೋಡೆಗೆ ಬಿತ್ತು. ಪ್ರೆಬೆನ್ ಮಾಮ ಎದ್ದು, ಕೈ ಹಿಂದೆ ಕಟ್ಟಿಕೊಂಡು, ಕರಿಯ ಬಣ್ಣದ ಆಳವನ್ನು ಹೊಗಳಿದರು. ತಮ್ಮದೇ ಕಾರಿನ ಬಣ್ಣ! ಇಂಥ ಕಪ್ಪು ಈಚೆಗೆ ಎಲ್ಲೂ ಸಿಗುವುದಿಲ್ಲವಂತೆ. ಕುಂದೆಂದರೆ ಕೃತ್ತಿಕೆ ಸ್ವಲ್ಪ ದಪ್ಪವಾಗಿದೆ, ಗಾಳಿಗೆ ಕ್ಯಾಮರಾ ಅಲುಗಿರಬೇಕು. ಬಿರ್ಥೆ ಟೀಚರಿಗೆ ಅದು ಪ್ರಾರ್ಥನೆಯ ಹಾಗೆ ಕಂಡಿತು. ನಾನು ಶಾಲಿನ ಅಂಚು ಕಚ್ಚಿಕೊಂಡು ನಗು ತಡೆದು ಅಜ್ಜನ ಸರದಿಗೆ ಕಾದೆ. ಅಜ್ಜ ಮೊದಲ ಸಾಲಿನಲ್ಲಿದ್ದ. ಈಚೆಗೆ ಯಾವಾಗಲೂ ಮೊದಲ ಸಾಲು, ಕೇಕಿಗೆ ಹತ್ತಿರ ಎನ್ನುತ್ತಾನೆ. ಎದ್ದ. ಗೋಡೆಯ ಕಡೆ ಬಹಳ ಹೊತ್ತು ಮುಖ ಮಾಡಿ ನಿಂತ. ಆಮೇಲೆ ಮೆಲ್ಲಗೆ ಹೇಳಿದ:

“ಇದು ನಮ್ಮೂರ ಆಕಾಶವೇ. ಯಾರೋ ಚಳಿಯಲ್ಲಿ ಕಾದು ತೆಗೆದಿದ್ದಾರೆ. ಇದರಲ್ಲಿ ನನಗೆ ಕುಂದು ಕಾಣಲಿಲ್ಲ.”

ಕೂತುಬಿಟ್ಟ. ಅಮ್ಮಾ, ಅಸ್ಮುಸ್‌ಗೆ ಕುಂದು ಕಾಣಲಿಲ್ಲ ಎಂದದ್ದೇ ತಡ, ಸಭೆ ಚಪ್ಪಾಳೆ ತಟ್ಟಿತು. ಹೆಸರು ಓದಿದಾಗ ಇನ್ನೂ ಜೋರಾಗಿ ತಟ್ಟಿತು. ನಿನ್ನ ಮಗಳಿಗೆ ತಿಂಗಳ ಬಹುಮಾನ, ಮರದ ಬಾತುಕೋಳಿ. ಚಿತ್ರ ಈಸ್ಟರ್ ಮುಗಿಯುವವರೆಗೆ ಗ್ರಂಥಾಲಯದ ಗೋಡೆಯ ಮೇಲಿರುತ್ತದೆ. ಪ್ರೆಬೆನ್ ಮಾಮನಿಗೆ ಅದರ ದೊಡ್ಡ ಪ್ರತಿ ಬೇಕಂತೆ, ಸೋಫಾದ ಮೇಲೆ ತೂಗುಹಾಕಲು. ಕುಚೇಷ್ಟೆ ಇಷ್ಟು ಚೆನ್ನಾಗಿ ಫಲಿಸಿದ್ದು ನನ್ನ ಜೀವಮಾನದಲ್ಲೇ ಇಲ್ಲ. ಆದರೆ ಬಾತುಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ನಿಂತವಳಿಗೆ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಅಂದಿನಿಂದ ತಲೆಯೊಳಗೆ ನ್ಯಾಯಾಲಯ ನಡೆದಿದೆ. ಒಂದೋ ಅಜ್ಜನಿಗೆ ಎಲ್ಲ ಗೊತ್ತಾಗಿ, ನನ್ನ ಆಟವನ್ನು ನನಗೇ ತಿರುಗಿಸಿ, ನಾನಾಗಿ ಬಾಯಿಬಿಡುವವರೆಗೆ ಕಾಯುತ್ತಿದ್ದಾನೆ. ಇಲ್ಲವೇ ಅವನಿಗೆ ಚಿತ್ರವೇ ಕಂಡಿಲ್ಲ. ಮೊದಲನೆಯದೇ ನಿಜ ಎನ್ನುವುದಕ್ಕೆ ಆಧಾರವಿದೆ: ನನ್ನ ಕುಚೇಷ್ಟೆಯ ಗುರು ಅವನೇ, ನಿನ್ನ ಮದುವೆಯ ದಿನ ಅಪ್ಪನ ಶೂ ಒಳಗೆ ಬೇಯಿಸಿದ ಬಟಾಣಿ ಸುರಿದವನು. ಆದರೆ ನಿನ್ನೆ ಕಾಫಿಯನ್ನು ಕಪ್ಪಿನ ಪಕ್ಕಕ್ಕೆ ಹೊಯ್ದು, ಮೇಜುಬಟ್ಟೆಗೆ ಬಾಯಾರಿತ್ತು ಅಂದ. ಮಾತಾಡುವಾಗ ನನ್ನ ಮುಖ ಬಿಟ್ಟು ಕಿವಿ ನೋಡುತ್ತಾನೆ. ಹೊಸ ಓಲೆ ಹಿಡಿಸಲಿಲ್ಲವೇನೋ ಎಂದು ತೆಗೆದಿಟ್ಟೆ, ಈಗ ಖಾಲಿ ಕಿವಿಯನ್ನೇ ನೋಡುತ್ತಾನೆ. ಸಂಘಕ್ಕೆ ಅವನು ಕೊಡುವುದೆಲ್ಲ ಹಳೆಯ ಚಿತ್ರ. ಸರಿ, ತೀರ್ಪು ಬರೆದುಬಿಡೋಣ ಎಂದುಕೊಂಡರೆ, ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ನನ್ನ ಜೊತೆ ಮಾತಾಡುತ್ತಲೇ, ಕತ್ತು ತಿರುಗಿಸದೆ ಕಣ್ಣಂಚಿನಲ್ಲೇ, ಕಿಟಕಿಯ ಮೂಲೆಯಲ್ಲಿ, ಸಮುದ್ರ ತಡೆಯುವ ಕಟ್ಟೆಯಾಚೆ, ನನಗೆ ಕಾಣದಷ್ಟು ದೂರದಲ್ಲಿ ಹಾರಿದ್ದನ್ನು ‘ಗಿಡುಗ, ಹೆಣ್ಣು’ ಅಂದ. ದುರ್ಬೀನು ಹಾಕಿ ನೋಡಿದೆ, ಹೌದು, ಗಿಡುಗವೇ, ಹೆಣ್ಣೇ. ಹೊಲದಾಚೆಯ ಗಿಡುಗ ಕಾಣುವವನಿಗೆ ಕೈಕೆಳಗಿನ ಕಾಫಿ ಕಪ್ಪು ಕಾಣದೇ? ಇದು ಯಾವ ಲೆಕ್ಕ? ನೀನು ಆಸ್ಪತ್ರೆಯವಳು, ಇಂಥದ್ದು ಇರುತ್ತದೆಯೇ? ಎರಡೂ ಕಡೆಗೆ ನಾನೇ ವಕೀಲೆಯಾಗಿ ನನ್ನ ತಲೆ ಗೊಜ್ಜಾಗಿದೆ.

ನೇರವಾಗಿ ಕೇಳಬಹುದಲ್ಲ ಅನ್ನುತ್ತೀಯ. ಕೇಳಿದೆ. ‘ಅಜ್ಜಾ, ನನ್ನ ಚಿತ್ರ ನಿಜವಾಗಿ ಚೆನ್ನಾಗಿತ್ತಾ?’ ಅಂದರೆ, ‘ಹೇಳಿದೆನಲ್ಲ ಹುಡುಗಿ’ ಎಂದು ಗಟ್ಟಿಯಾದ ರೈ ಬ್ರೆಡ್ಡು ಕತ್ತರಿಸುತ್ತಲೇ ಇದ್ದ. ಚಾಕು ಬೆರಳಿಗೆ ಹತ್ತಿರ, ತುಂಬ ಹತ್ತಿರ. ಇನ್ನೊಂದು ಮಾತು ಕೇಳಲು ಧೈರ್ಯ ಬರಲಿಲ್ಲ. ಆ ಭಾನುವಾರ ಮನೆಗೆ ಬರುವಾಗ ಅವನು ಕಾರನ್ನು ಎತ್ತಿನ ಗಾಡಿಯ ಹಾಗೆ ಓಡಿಸಿದ, ಹಿಂದೆ ಟ್ರ್ಯಾಕ್ಟರಿನವನು ಹಾರ್ನ್ ಬಾರಿಸಿ ಸುಸ್ತಾದ. ಬಾತುಗಳು ರಸ್ತೆ ದಾಟಬಹುದು, ಅದಕ್ಕೆ ನಿಧಾನ ಎಂದ. ದಾಟಿದವು ಕೂಡ. ಅವು ದಾಟುತ್ತಿವೆ ಎಂದು ನಾನು ಹೇಳಿದ ಮೇಲೆ ನಿಲ್ಲಿಸಿದ. ಈಗ ದಿನಾ ಈಸ್ಟರ್ ಮಾತು: ಪ್ರತಿ ಸಲದ ಹಾಗೆ ಕೋಪನ್‌ಹೇಗನ್ ವಿಮಾನ ನಿಲ್ದಾಣಕ್ಕೆ ತಾನೇ ಹೋಗುತ್ತೇನೆ, ದೊಡ್ಡ ಸೇತುವೆಯ ಮೇಲೆ ಫ್ಲಾಸ್ಕಿನ ಕಾಫಿ ಗುಟುಕರಿಸುತ್ತ ನಿನ್ನನ್ನು ಕರೆತರುತ್ತೇನೆ ಎಂದು. ಟಯರಿಗೆ ಗಾಳಿಯನ್ನೂ ತುಂಬಿಸಿದ್ದಾನೆ. ನನಗೆ ಲೈಸೆನ್ಸ್ ಇಲ್ಲ. ಇದ್ದಿದ್ದರೂ ಅವನ ಕೈಯಿಂದ ಕೀಲಿಕೈ ಕಿತ್ತುಕೊಳ್ಳುವುದು ಹೇಗೆಂದು ಯಾವ ಡ್ರೈವಿಂಗ್ ಶಾಲೆಯೂ ಕಲಿಸುವುದಿಲ್ಲ. ಕಾರು ಹೋದರೆ ಅವನ ಹಕ್ಕಿಗಳೂ ಹೋಗುತ್ತವೆ, ಅವು ಸೇರುವ ಕಟ್ಟೆಯವರೆಗೆ ಬಸ್ಸಿಲ್ಲ. ಏನು ಮಾಡಲಿ, ನೀನೇ ಹೇಳು. ಫೋನಿನಲ್ಲಿ ಹೇಳಬೇಡ, ಬರೆ.

ನಿನ್ನ ಹಿಮದೂರು ಇಲುಲಿಸಾತಿನ ಬಂಡಿ ಎಳೆಯುವ ನಾಯಿಗಳಿಗೂ, ನಿನಗೆ ಮೀನು ತಂದುಕೊಡುವ ಪಕ್ಕದ ಮನೆಯ ಅಜ್ಜಿಗೂ ನನ್ನ ನಮಸ್ಕಾರ. ಮಂಡಿಯನ್ನು ಬೇರೆ ನರ್ಸಿಗೆ ತೋರಿಸು, ನಿನ್ನ ಮೇಲೆ ನನಗೆ ನಂಬಿಕೆಯಿಲ್ಲ. ಮರದ ಬಾತುಕೋಳಿ ನನ್ನ ಮೇಜಿನ ಮೇಲೆ ಕೂತು ನಿನ್ನ ದಾರಿ ಕಾಯುತ್ತಿದೆ.

ನಿನ್ನ, ಬಹುಮಾನಿತ ಕಲಾವಿದೆ,
ತಿಲ್ದೆ

ತಾ.ಕ.: ಅಮ್ಮಾ, ಲಕೋಟೆಗೆ ಅಂಟು ಹಚ್ಚುವಾಗ ಅಜ್ಜ ಬಂದ, ಬಾಗಿಲ ಚೌಕಟ್ಟು ಮುಟ್ಟಿ ನೋಡಿ ಒಳಗೆ ಕಾಲಿಟ್ಟ. ಅಮ್ಮನಿಗೆ ಬರೆಯುತ್ತಿದ್ದೀಯಾ ಅಂದ, ಹೌದು ಅಂದೆ. “ಹಾಗಾದರೆ ಇದನ್ನೂ ಸೇರಿಸು. ಈ ಸಲ ರೈಲಿನಲ್ಲಿ ಬರಲಿ. ಕಾರಣ ಬರೀಬೇಡ.” ಬರೆಯುವುದಿಲ್ಲ ಎಂದು ಮಾತು ಕೊಟ್ಟೆ. ಹೊರಟವನು ತಿರುಗಿ ನನ್ನ ಕಿವಿ ನೋಡುತ್ತ ಕೇಳಿದ: “ಆ ಚಿತ್ರದಲ್ಲಿ ಇದ್ದದ್ದು ಏನು ಮಗೂ?” ಕಬ್ಬಕ್ಕಿ ಹಿಕ್ಕೆ, ಪ್ರೆಬೆನ್ ಮಾಮನ ಬಾನೆಟ್ ಅಂದೆ. ಅವನು ನನ್ನ ಮಂಚದ ಮೇಲೆ ಕೂತು ಕೆಮ್ಮು ಬರುವವರೆಗೂ ನಕ್ಕ, ಕಣ್ಣೊರೆಸಿಕೊಂಡು ‘ಕೃತ್ತಿಕೆ ದಪ್ಪವಾಗಿದೆಯಂತೆ’ ಎಂದು ಮತ್ತೆ ನಕ್ಕ. ಆಮೇಲೆ ಕಾರಿನ ಕೀಲಿಕೈಯನ್ನು ನನ್ನ ಬಾತುಕೋಳಿಯ ಕುತ್ತಿಗೆಗೆ ತೂಗುಹಾಕಿ ಹೋದ. ಮೊದಲನೇ ಸಲಕ್ಕೆ ಕುತ್ತಿಗೆ ಸಿಗಲಿಲ್ಲ, ಎರಡನೇ ಸಲಕ್ಕೆ ಸಿಕ್ಕಿತು. ಅಂಚೆ ಹೊರಡುವ ಹೊತ್ತಾಯಿತು, ಬೇರೆ ಪತ್ರ ಬರೆಯಲು ಸಮಯವಿಲ್ಲ, ಆದ್ದರಿಂದ ಮೇಲಿನದೇನನ್ನೂ ಓದಬೇಡ, ಇದಿಷ್ಟನ್ನೇ ಓದು: ರೈಲಿನಲ್ಲಿ ಬಾ. ಟೋಂಡರ್ ನಿಲ್ದಾಣಕ್ಕೆ ನಾವಿಬ್ಬರೂ ಪ್ರೆಬೆನ್ ಮಾಮನ ಕಾರಿನಲ್ಲಿ ಬರುತ್ತೇವೆ, ತೊಳೆದಿದ್ದಾರೆ. ಕಾರಣ ಏನೂ ಇಲ್ಲ.